ಕಗೆರೋ ಬಂದರಿನ ಕಲ್ಲುಮುಖ

ನನ್ನ ಮುಖ ಕಲ್ಲು. ಜಂಬಕ್ಕೆ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಹತ್ತೊಂಬತ್ತು ವರ್ಷಗಳಿಂದ ಎರಡು ನಕ್ಷತ್ರಲೋಕಗಳ ಅಷ್ಟೂ ಗುಟ್ಟುಗಳು ನನ್ನ ಕಿವಿಗೆ ಬಿದ್ದಿವೆ. ಒಂದಾದರೂ ಬಾಯಿಂದ ಹೊರಬಿದ್ದಿಲ್ಲ, ಮುಖದ ಮೇಲಂತೂ ಸುಳಿದೇ ಇಲ್ಲ. ಅಂಥ ಮುಖ ಹೊತ್ತ ನಾನು, ಕೋಬೆಯ ನಾಗಾತಾದಲ್ಲಿ ಬೂಟಿನ ಅಟ್ಟೆ ಕತ್ತರಿಸುವ ಕೋಗಾ, ಕಳೆದ ಚಳಿಗಾಲ ಒಂದು ಶಪಥ ಮಾಡಿದೆ: ನನ್ನ ಮನೆಯಲ್ಲಿ ನನ್ನ ಕಣ್ಣೆದುರಿಗೇ ನಡೆಯುತ್ತಿರುವ ಪಿತೂರಿಯನ್ನು ಬಯಲಿಗೆಳೆಯದೆ ಬಿಡುವವನಲ್ಲ!

ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ಎರಡು ಭಾನುವಾರಕ್ಕೊಮ್ಮೆ, ಮಧ್ಯಾಹ್ನದ ಊಟವಾದ ಮೇಲೆ, ನಾವು ನಾಲ್ವರು ನಮ್ಮ ಮನೆಯ ಕೊತಾತ್ಸುವಿನ ಸುತ್ತ ಕೂರುತ್ತೇವೆ. ಅಡಿಯಲ್ಲಿ ಹೀಟರ್ ಇಟ್ಟು, ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜು ಅದು. ರಜಾಯಿಯೊಳಗೆ ಕಾಲು ತೂರಿಸಿದರೆ ಎದ್ದೇಳುವ ಮನಸ್ಸಾಗುವುದಿಲ್ಲ. ಕಾಗದ, ಪೆನ್ಸಿಲ್, ಎರಡು ದಾಳ ಇಷ್ಟೇ ಸಾಮಾನು. ಉಳಿದದ್ದೆಲ್ಲ ಬಾಯಿಮಾತು. ಆ ಮಾತಿನಲ್ಲಿ ನಮ್ಮ ಮೇಜು ಕಗೆರೋ ಎಂಬ ಅಂತರಿಕ್ಷ ಬಂದರಾಗುತ್ತದೆ. ಆ ಕಡೆ ಸಾಮ್ರಾಜ್ಯ, ಈ ಕಡೆ ಒಕ್ಕೂಟ, ಎರಡಕ್ಕೂ ಯುದ್ಧ. ನಡುವೆ ಯಾರ ಪಕ್ಷವನ್ನೂ ವಹಿಸದ ನಮ್ಮ ಬಂದರು. ಸಂಧಾನಕ್ಕೆ ರಾಯಭಾರಿಗಳು ಬರುವುದು ಅಲ್ಲಿಗೇ, ಅವರ ಹಿಂದೆ ಗೂಢಚಾರರು ಬರುವುದೂ ಅಲ್ಲಿಗೇ.

ನನ್ನ ಹೆಂಡತಿ ಮಿತ್ಸುಯೊ ಸಾಮ್ರಾಜ್ಯದ ರಾಯಭಾರಿ. ಅವಳ ತಮ್ಮ ಕುನಿಹಿಕೊ, ಮನೆಗಳಿಗೆ ತತಾಮಿ ಚಾಪೆ ಹೊಲಿಯುವವನು, ಒಕ್ಕೂಟದ ರಾಯಭಾರಿ. ನನ್ನ ಗೆಳೆಯ ಇನಾಮಿ ‘ಕಾಮೊಮೆ’ ಎಂಬ ಮುದಿ ಗೂಢಚಾರ. ಕಾಮೊಮೆ ಯಾರ ಕಡೆಯವನು ಎಂಬುದು ಹತ್ತೊಂಬತ್ತು ವರ್ಷವಾದರೂ ಯಾರಿಗೂ ಗೊತ್ತಾಗಿಲ್ಲ. ನಾನು ಆಟ ನಡೆಸುವವನು, ಬಂದರಿನ ಅಧಿಪತಿ ಝೆರುಗಾನ್. ದಾಳ ಹಾಕುವುದು ನಾನು, ಅಡ್ಡಕ್ಕಿಟ್ಟ ರಟ್ಟಿನ ಹಿಂದೆ. ಬಿದ್ದ ಸಂಖ್ಯೆ ಹೇಳುವುದೂ ನಾನೇ.

ಇನಾಮಿ ನಿಜಜೀವನದಲ್ಲಿ ಕೋಬೆ ಬಂದರಿನ ಎಳೆದೋಣಿಯ ನಾವಿಕನಾಗಿದ್ದ. ಮೂವತ್ತೈದು ವರ್ಷ ದೊಡ್ಡ ಹಡಗುಗಳಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದವನು. ಮದುವೆ ಗಿದುವೆ ಆಗಲಿಲ್ಲ. ಕಗೆರೋದ ಮೊದಲ ಕಾನೂನು ಬರೆಸಿದವನು ಅವನೇ: ಬಂದರಿಗೆ ಬಂದವನನ್ನು ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀಯ ಎಂದು ಕೇಳುವಂತಿಲ್ಲ. ಎರಡನೆಯ ಕಾನೂನು, ಒಳಗೆ ಯಾರನ್ನೂ ಕೊಲ್ಲುವಂತಿಲ್ಲ. ಮೂರನೆಯದು ನನ್ನದು: ಗುಟ್ಟಿನ ಮಾತೇನಿದ್ದರೂ ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಡಿಸಿ, ಮೂಲೆ ಒಳಗೆ ಸಿಕ್ಕಿಸಿ, ನನ್ನ ಕೈಗೇ ಕೊಡಬೇಕು. ನನ್ನ ಬೆನ್ನ ಹಿಂದೆ ಯಾರೂ ಯಾರಿಗೂ ಚೀಟಿ ಕೊಡಕೂಡದು.

ಹೀಗಿರುವಾಗ ಜನವರಿಯ ಒಂದು ಸೋಮವಾರ, ಅಂಗಿಯ ಗುಂಡಿ ಹುಡುಕಲು ಹೆಂಡತಿಯ ಹೊಲಿಗೆ ಡಬ್ಬಿ ತೆರೆದವನಿಗೆ ಅದರೊಳಗೆ ಒಂದು ಚೀಟಿ ಸಿಕ್ಕಿತು. ನಾಲ್ಕು ಮಡಿಕೆ, ಮೂಲೆ ಒಳಗೆ. ಇನಾಮಿಯ ಕೈಬರಹ! ‘ಗುರುವಾರ ಹತ್ತಕ್ಕೆ, ಎಂದಿನ ಬಾಗಿಲಲ್ಲಿ. ಸಂಧಾನಸಭೆ ಮುಗಿಯುವವರೆಗೂ ಕೋಗಾಗೆ ಒಂದು ಮಾತೂ ತಿಳಿಯಬಾರದು.’

ಬೇರೆ ಯಾವ ಗಂಡಸಾದರೂ ಏನು ಯೋಚಿಸುತ್ತಿದ್ದ ಎಂದು ನನಗೆ ಆಮೇಲೆ ಹೊಳೆಯಿತು. ಆ ಕ್ಷಣಕ್ಕೆ ನನ್ನ ರಕ್ತ ಕುದಿದದ್ದು ಬೇರೆ ಕಾರಣಕ್ಕೆ. ಬರುವ ಭಾನುವಾರ ಕಗೆರೋದಲ್ಲಿ ಮಹಾಸಂಧಾನ. ಅದಕ್ಕಾಗಿ ನಾನು ಎರಡು ವರ್ಷ ತಯಾರಿ ಮಾಡಿದ್ದೆ. ಅಂಥ ಹೊತ್ತಿನಲ್ಲಿ ಸಾಮ್ರಾಜ್ಯದ ರಾಯಭಾರಿಯೂ ಕಾಮೊಮೆಯೂ ನನ್ನನ್ನು ಬಿಟ್ಟು ಗುಟ್ಟಾಗಿ ಚೀಟಿ ಸಾಗಿಸಿದ್ದಾರೆ. ಮೂರನೆಯ ಕಾನೂನಿಗೆ ಎಳ್ಳುನೀರು ಬಿಟ್ಟಿದ್ದಾರೆ!

ಸಂಜೆ ಕಲ್ಲುಮುಖ ಧರಿಸಿ ವಿಚಾರಣೆಗೆ ಇಳಿದೆ.

“ಗುರುವಾರ ಏನಾದ್ರೂ ಕೆಲಸ ಇದ್ಯಾ?”

“ಇದೆ. ಮೂಲಂಗಿ ತರ್ಬೇಕು” ಎಂದಳು ಮಿತ್ಸುಯೊ, ಅಕ್ಕಿ ತೊಳೆಯುತ್ತಾ.

“ಮೂಲಂಗಿ ತರೋಕೆ ಹತ್ತು ಗಂಟೆಗೇ ಹೋಗ್ಬೇಕಾ?”

ಅಕ್ಕಿ ತೊಳೆಯುವ ಕೈ ನಿಂತಿತು. “ಹತ್ತು ಗಂಟೆ ಅಂತ ನಾನೆಲ್ಲಿ ಹೇಳ್ದೆ?”

“ಸುಮ್ನೆ ಊಹೆ.”

“ಕಿವಿ ಯಾಕೆ ಕೆಂಪಗಾಗಿದೆ?”

“ಚಳಿಗೆ.”

ಇಷ್ಟು ನಾಜೂಕಾಗಿ ವಿಚಾರಣೆ ಮುಗಿಸಿ ಮಾರನೆಯ ದಿನ ಕುನಿಹಿಕೊನ ಅಂಗಡಿಗೆ ಹೋದೆ. ಒಕ್ಕೂಟದ ರಾಯಭಾರಿಗೆ ಸಾಮ್ರಾಜ್ಯದ ಪಿತೂರಿ ತಿಳಿಸುವುದು ಬಂದರಿನ ಅಧಿಪತಿಯ ಕರ್ತವ್ಯವಲ್ಲವೇ? ಅವನು ಚಾಪೆಯ ಅಂಚಿಗೆ ಗೇಣುದ್ದದ ಸೂಜಿ ಚುಚ್ಚುತ್ತಾ ಎಲ್ಲ ಕೇಳಿಸಿಕೊಂಡ.

“ಭಾವ, ಅಕ್ಕ ಮತ್ತೆ ಇನಾಮಿ ಅಣ್ಣ ಇಬ್ರೂ ಗುರುವಾರ ಗುಟ್ಟಾಗಿ ಭೇಟಿ ಆಗ್ತಾರೆ ಅಂದ್ರೆ, ನಿಮಗೆ ಬೇರೆ ಏನೂ ಅನ್ನಿಸ್ಲಿಲ್ವಾ?”

“ಅನ್ನಿಸ್ದೆ ಏನು! ಸಾಮ್ರಾಜ್ಯ ಕಾಮೊಮೇನ ಬುಟ್ಟಿಗೆ ಹಾಕ್ಕೊಂಡಿದೆ.”

ಕುನಿಹಿಕೊ ನನ್ನ ಮುಖ ನೋಡಿದ. “ದೇವರು ನಿಮ್ಮನ್ನ ಹೀಗೇ ಇಟ್ಟಿರ್ಲಿ ಭಾವ” ಎಂದ. ಆಮೇಲೆ ಸೂಜಿ ಕೆಳಗಿಟ್ಟು, “ಅವರ ಹಿಂದೆ ಹೋಗ್ಬೇಡಿ. ಕೆಲವು ಗುಟ್ಟು ಗುಟ್ಟಾಗೇ ಇರ್ಲಿ ಬಿಡಿ” ಎಂದ.

ಅವನ ದನಿ ತಗ್ಗಿತ್ತು. ಅರೆ, ಒಕ್ಕೂಟವೂ ಇದರಲ್ಲಿ ಶಾಮೀಲು ಎಂದು ನನಗೆ ಖಾತ್ರಿಯಾಯಿತು. ಚಳಿ ಎಂದು ಸುಳ್ಳು ಹೇಳಿ ಅವನ ಹಳೆಯ ಕೋಟು ಕೇಳಿ ಪಡೆದುಕೊಂಡು ಬಂದೆ. ವೇಷ ಮರೆಸಲು ಬೇಕಿತ್ತು.

ಗೂಢಚರ್ಯೆ ನನಗೆ ರಕ್ತಗತ. ಕೋಗಾ ಎಂದರೆ ಹಳೆಯ ಕಾಲದಲ್ಲಿ ನಿಂಜಾಗಳ ಸೀಮೆಯ ಹೆಸರು. ಇದನ್ನು ಹೇಳಿದಾಗಲೆಲ್ಲ ಮಿತ್ಸುಯೊ, “ನಿಮ್ಮ ತಾತ ಮೀನಿನ ವಡೆ ಮಾರ್ತಿದ್ರು” ಎನ್ನುತ್ತಾಳೆ. ಇರಲಿ. ಗುರುವಾರ ಬೆಳಿಗ್ಗೆ ಕಾರ್ಖಾನೆಗೆ ಶೀತವೆಂದು ತಿಳಿಸಿ, ಮುಖಕ್ಕೆ ಮಾಸ್ಕ್ ಹಾಕಿ, ಟೋಪಿ ಕಣ್ಣಿನವರೆಗೆ ಎಳೆದು, ಹುಲ್ಲುಚಾಪೆಯ ವಾಸನೆಯ ಕೋಟು ತೊಟ್ಟು, ಹೆಂಡತಿ ಹೋದ ರೈಲಿನಲ್ಲೇ ಎರಡು ಡಬ್ಬಿ ಹಿಂದೆ ಹತ್ತಿದೆ. ಕೂತ ಕೂಡಲೇ ಎದ್ದೆ. ಕೋಟಿನ ಜೇಬಿನಲ್ಲಿ ಕುನಿಹಿಕೊನ ಸೂಜಿಯೊಂದು ಉಳಿದಿತ್ತು. ಅಲ್ಲಿಂದ ಐದು ನಿಲ್ದಾಣ, ಸೀಟು ಖಾಲಿ ಇದ್ದರೂ ನಿಂತೇ ಹೋದೆ. ಒಬ್ಬಳು ಅಜ್ಜಿ, “ಮೂಲವ್ಯಾಧಿನಾ? ಪಾಪ” ಎಂದಳು.

ಮಿತ್ಸುಯೊ ಗುಡ್ಡದ ಮೇಲಿನ ದೊಡ್ಡ ಆಸ್ಪತ್ರೆಯ ಪೂರ್ವದ ಬಾಗಿಲಲ್ಲಿ ಒಳಗೆ ಹೋದಳು. ಎಂದಿನ ಬಾಗಿಲು! ಭಲೇ ಎಂದುಕೊಂಡೆ. ಸಂಚಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಎಲ್ಲರೂ ಮಾಸ್ಕ್ ಹಾಕಿರುತ್ತಾರೆ, ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಮುಂದಿನ ಆಟದಲ್ಲಿ ಕಗೆರೋಗೂ ಒಂದು ಆಸ್ಪತ್ರೆ ಕಟ್ಟಿಸಬೇಕೆಂದು ಮನಸ್ಸಿನಲ್ಲೇ ಟಿಪ್ಪಣಿ ಮಾಡಿಕೊಂಡು, ಕಂಬದ ಮರೆಯಲ್ಲಿ ನಿಂತು, ಸಹಜವಾಗಿರಲಿ ಎಂದು ಎರಡು ಸಲ ಕೆಮ್ಮಿದೆ.

ಅದೇ ತಪ್ಪಾಯಿತು. ಹಳದಿ ಏಪ್ರನ್ನಿನ ಸ್ವಯಂಸೇವಕಿಯೊಬ್ಬಳು ಓಡಿ ಬಂದಳು. “ಕೆಮ್ಮು ಇದ್ದೋರು ಇಲ್ಲಿ ಕೂತ್ಕೋಬೇಕು. ಜ್ವರ ನೋಡ್ತಾರೆ. ನಿಮ್ಮ ಹೆಸರು?”

ಸುಳ್ಳು ಹೆಸರು ಬೇಕು. ತಲೆ ಖಾಲಿ. ಜಪಾನಿನ ಹನ್ನೆರಡು ಕೋಟಿ ಜನರ ಹೆಸರಿನಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. “ಝೆರುಗಾನ್” ಎಂದುಬಿಟ್ಟೆ.

“ಯಾವ ದೇಶದೋರು?”

ಆ ಪ್ರಶ್ನೆ ನಮ್ಮ ಬಂದರಿನಲ್ಲಿ ಕೇಳುವಂತಿಲ್ಲ ಎಂಬ ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಎದುರಿನ ಬಾಗಿಲು ತೆರೆಯಿತು.

ಗಾಲಿಕುರ್ಚಿಯಲ್ಲಿ ಇನಾಮಿ ಕೂತಿದ್ದ. ಹಿಂದಿನಿಂದ ನನ್ನ ಹೆಂಡತಿ ತಳ್ಳುತ್ತಿದ್ದಳು. ಅವನ ಮೊಣಕೈಯ ಒಳಬದಿಗೆ ಹತ್ತಿ, ಅದರ ಮೇಲೆ ಪಟ್ಟಿ. ಅವನು ಉಣ್ಣೆಟೋಪಿ ತೆಗೆದು ತಲೆ ಸವರಿಕೊಂಡ. ತಲೆಯಲ್ಲಿ ಒಂದು ಕೂದಲಿರಲಿಲ್ಲ. ಮಿತ್ಸುಯೊ ಥರ್ಮಾಸಿನಿಂದ ಚಹ ಬಗ್ಗಿಸಿ ಅವನ ಎರಡೂ ಕೈಯಲ್ಲಿ ಲೋಟ ಹಿಡಿಸಿ, ತನ್ನ ಕೈಯನ್ನೂ ಆಸರೆಯಾಗಿ ಹಿಡಿದಳು.

ಆ ಟೋಪಿಯನ್ನು ನಾನು ನವೆಂಬರಿನಿಂದ ನೋಡುತ್ತಿದ್ದೆ. ಮನೆಯೊಳಗೂ ತೆಗೆಯುತ್ತಿರಲಿಲ್ಲ. ಕಾಮೊಮೆಯ ಹೊಸ ವೇಷ ಎಂದುಕೊಂಡು, ಮೆಚ್ಚಿ, ದಾಳಕ್ಕೆ ಒಂದಂಕ ಹೆಚ್ಚಿಗೆ ಕೊಟ್ಟಿದ್ದೆ. ಅವನು ಇಳಿದುಹೋದದ್ದನ್ನೂ ನೋಡಿದ್ದೆ. “ಭೇಷ್, ಇನ್ನು ಯಾವ ಗಾಳಿಕೊಳವೆಯಲ್ಲಿ ಬೇಕಾದ್ರೂ ತೂರ್ಕೋಬಹುದು ನೀನು” ಎಂದು ಬೆನ್ನು ತಟ್ಟಿದ್ದೆ. ಬೆನ್ನಿನ ಮೂಳೆ ಕೈಗೆ ಸಿಕ್ಕಿತ್ತು. ಆಗಲೂ ನನಗೆ ತಿಳಿಯಲಿಲ್ಲ. ನನ್ನಂಥ ಕುರುಡ ಬಂದರಿನ ಅಧಿಪತಿ ಇನ್ನೊಬ್ಬನಿರಲಾರ.

“ಝೆರುಗಾನ್ ಅವರೇ!” ಎಂದು ಸ್ವಯಂಸೇವಕಿ ಪಡಸಾಲೆಗೆಲ್ಲ ಕೇಳುವಂತೆ ಕೂಗಿದಳು. “ಝೆರುಗಾನ್ ಅವರೇ, ಜ್ವರ ನೋಡೋಕೆ ಬನ್ನಿ!”

ಮಿತ್ಸುಯೊ ತಟ್ಟನೆ ತಿರುಗಿದಳು. ನಾನು ಔಷಧಿ ಜಾಹೀರಾತಿನ ಫಲಕದ ಹಿಂದೆ ಕುಳಿತುಬಿಟ್ಟೆ. ಸೂಜಿ ಮತ್ತೆ ಚುಚ್ಚಿತು. ಈ ಸಲ ನೋವಾಗಲಿಲ್ಲ.

ಸಂಜೆ ಮಿತ್ಸುಯೊ ಬಂದಳು. ಕೈಯಲ್ಲಿ ಮೂಲಂಗಿ ಇತ್ತು. ಅದನ್ನು ಹಲಗೆಯ ಮೇಲಿಟ್ಟು, ನನ್ನ ಕಡೆ ತಿರುಗದೆಯೇ, “ಝೆರುಗಾನ್ ಸಾಹೇಬ್ರೇ, ಜ್ವರ ಎಷ್ಟಿತ್ತು?” ಎಂದಳು.

ಕೋಟಿನ ಜೇಬಿನಿಂದ ಸೂಜಿ ತೆಗೆದು ಮೂಲಂಗಿಯ ಪಕ್ಕಕ್ಕಿಟ್ಟೆ.

“ಸೆಪ್ಟೆಂಬರಿನಲ್ಲಿ ಗೊತ್ತಾಗಿದ್ದು” ಎಂದಳು. “ಹೊಟ್ಟೇಲಿ. ಎಲ್ಲ ಕಡೆ ಹರಡಿದೆ. ಈ ಸಲ ಇಕನಾಗೊ ಮೀನಿನ ಕಾಲಕ್ಕೆ ಇರೋದು ಕಷ್ಟ ಅಂದಿದ್ದಾರೆ.”

ಮಾರ್ಚಿನಲ್ಲಿ ಆ ಪುಟ್ಟ ಮೀನು ಬಂದಾಗ ಊರಿನ ಎಲ್ಲರ ಮನೆಯಲ್ಲೂ ಸೋಯಾರಸ, ಸಕ್ಕರೆ ಹಾಕಿ ಕುದಿಸುತ್ತಾರೆ. ಇನಾಮಿಗೆ ಪ್ರತಿ ವರ್ಷ ಒಂದು ಡಬ್ಬಿ ನಮ್ಮ ಮನೆಯಿಂದಲೇ ಹೋಗುತ್ತಿತ್ತು.

“ಕುನಿಗೂ ಗೊತ್ತಾ?”

“ಗೊತ್ತು.”

“ನನಗೊಬ್ಬನಿಗೇ ಹೇಳ್ಲಿಲ್ಲ.”

“ಬೇಡ ಅಂತ ಕೈ ಮುಗಿದು ಕೇಳ್ಕೊಂಡ್ರು ರೀ. ‘ಎಲ್ಲಿ ಹೋದ್ರೂ ಜನ ನನ್ನನ್ನ ನೋಡಿದ ತಕ್ಷಣ ದನಿ ತಗ್ಗಿಸ್ತಾರೆ. ಕೋಗಾ ಒಬ್ನೇ ಈಗ್ಲೂ ನನ್ನ ಮೇಲೆ ಕಿರುಚೋದು. ಸಂಧಾನಸಭೆ ಮುಗಿಯೋವರೆಗಾದ್ರೂ ಅದೊಂದು ಉಳ್ಕೊಳ್ಳಲಿ’ ಅಂದ್ರು.”

“ನನ್ನ ಮುಖ ಕಲ್ಲು ಕಣೇ. ಹೇಳಿದ್ರೂ ನಾನೇನೂ ತೋರಿಸ್ಕೋತಿರ್ಲಿಲ್ಲ.”

ಅವಳು ಆಗ ತಿರುಗಿದಳು. ಅತ್ತಿದ್ದಳು, ಆದರೂ ಬಾಯಿಯ ಮೂಲೆಯಲ್ಲಿ ನಗು. “ಕಲ್ಲಲ್ಲ ರೀ, ತೋಫು. ಬೆರಳಿಟ್ರೆ ಗುಂಡಿ ಬೀಳುತ್ತೆ. ದಾಳ ನೋಡಿ ಹುಬ್ಬು ಎತ್ತಿದ್ರೆ ನಮಗೆ ಗೆಲುವು, ಮೂಗು ಉಜ್ಜಿದ್ರೆ ಮುಂದೆ ಹೊಂಚು ಇದೆ ಅಂತ. ಹತ್ತೊಂಬತ್ತು ವರ್ಷ ನಾವು ಮೂವರೂ ನಿಮ್ಮ ಮುಖ ಓದ್ಕೊಂಡೇ ಆಡಿರೋದು.”

ಹತ್ತೊಂಬತ್ತು ವರ್ಷ! ಎರಡು ನಕ್ಷತ್ರಲೋಕಗಳ ಗುಟ್ಟು ನನ್ನ ಮೂಗಿನ ಮೇಲೆ ಬರೆದಿತ್ತು!

“ಅವನಿಗೆ ಆ ಹೆಸರು ಕೂಗಿದ್ದು ಕೇಳಿಸ್ತಾ?” ಎಂದು ಕೇಳಿದೆ.

“ಗೊತ್ತಿಲ್ಲ. ಕಣ್ಣು ಮುಚ್ಚಿ ಕೂತಿದ್ರು. ಭಾನುವಾರ ಒಂದು ದಿನ, ದಮ್ಮಯ್ಯ, ಗೊತ್ತಿಲ್ಲದೋರ ಹಾಗೆ ಇದ್ದುಬಿಡಿ. ಅವರು ಬೇರೆ ಏನೂ ಕೇಳಿಲ್ಲ ನಮ್ಮನ್ನ.”

ಶುಕ್ರವಾರ, ಶನಿವಾರ ಎರಡೂ ದಿನ ಬಚ್ಚಲುಮನೆಯ ಕನ್ನಡಿ ಎದುರು ನಿಂತು ಅಭ್ಯಾಸ ಮಾಡಿದೆ. “ಇನಾಮಿ, ಲೋಫರ್, ತಡವಾಗಿ ಬಂದ್ಯಾ?” ಎಂದು ಕಿರುಚಿ ನೋಡುವುದು, ಕನ್ನಡಿಯಲ್ಲಿ ಗದ್ದ ಅದುರುವುದನ್ನು ನೋಡುವುದು, ಮುಖ ತೊಳೆಯುವುದು. ಗದ್ದ ಹಿಡಿದರೆ ಹುಬ್ಬು ಅಲುಗುತ್ತಿತ್ತು, ಹುಬ್ಬು ಹಿಡಿದರೆ ಕಣ್ಣು. ಕೊನೆಗೆ ಆಸ್ಪತ್ರೆಯ ಮಾಸ್ಕನ್ನೇ ಭಾನುವಾರವೂ ಹಾಕಿಕೊಳ್ಳುವುದೆಂದು ತೀರ್ಮಾನಿಸಿದೆ.

“ಏನೋ ಇದು?” ಎಂದ ಇನಾಮಿ, ಬಾಗಿಲಲ್ಲಿ ಕುನಿಹಿಕೊನ ತೋಳು ಹಿಡಿದು ಶೂ ಬಿಚ್ಚುತ್ತಾ.

“ಶೀತ” ಎಂದೆ. “ಲೋಫರ್, ತಡವಾಗಿ ಬಂದ್ಯಾ?” ಎಂದು ಸೇರಿಸಿದೆ. ದನಿ ಅರ್ಧದಷ್ಟೇ ಹೊರಟಿತು.

ಸಭೆ ಆರಂಭವಾಯಿತು. ರಾಯಭಾರಿಗಳು ಬಂದು ಕೂತರು. ಕಾಮೊಮೆ ಒಕ್ಕೂಟದ ಕೋಣೆಗೆ ನುಗ್ಗಿ ಕರಡು ಒಪ್ಪಂದ ಕದಿಯಬೇಕು, ಎಂಟಾದರೂ ಬೀಳಬೇಕು. ರಟ್ಟಿನ ಹಿಂದೆ ದಾಳ ಹಾಕಿದೆ. ಮೂರು ಬಿತ್ತು.

“ಹನ್ನೊಂದು” ಎಂದೆ.

“ಹನ್ನೊಂದಾ?” ಎಂದ ಇನಾಮಿ.

“ಹನ್ನೊಂದು. ಕಾವಲುಗಾರ ನಿದ್ದೆ ಹೋಗಿದ್ದಾನೆ.”

ಮುಂದೆ ಬೀಗ ತೆಗೆಯಬೇಕು. ಐದು ಬಿತ್ತು, ಹತ್ತು ಎಂದೆ. ಕಾವಲುನಾಯಿ ಬೊಗಳಬೇಕಾದಲ್ಲಿ ಬಾಲ ಅಲ್ಲಾಡಿಸಿ ಅವನ ಕೈ ನೆಕ್ಕಿತು. ಮೆಟ್ಟಿಲ ಮೇಲೆ ಎದುರಾದ ಒಕ್ಕೂಟದ ಸೇನಾಪತಿ ಅವನನ್ನು ಹಿಡಿಯುವ ಬದಲು ನೆಗಡಿಗೆ ಶುಂಠಿ ಕಷಾಯ ಕುಡಿಸಿದ. “ನಮ್ಮ ಸೇನಾಪತಿ ಯಾವಾಗ ಇಷ್ಟು ಒಳ್ಳೇವ್ನಾದ?” ಎಂದು ಕುನಿಹಿಕೊ ಗೊಣಗಿದ. ಮಿತ್ಸುಯೊ ರಜಾಯಿಯೊಳಗೆ ನನ್ನ ಕಾಲಿಗೆ ಒದ್ದಳು. ನಾನು ನಿಲ್ಲಿಸುವ ಸ್ಥಿತಿಯಲ್ಲಿರಲಿಲ್ಲ. ಎರಡು ಬಿತ್ತು, ಹನ್ನೆರಡು ಎಂದೆ. ಕಾಮೊಮೆಗೆ ಇಡೀ ಲೋಕವನ್ನೇ ಧಾರೆಯೆರೆದು ಕೊಡಬೇಕೆನ್ನಿಸುತ್ತಿತ್ತು. ನನ್ನ ಕೈಯಲ್ಲಿದ್ದದ್ದು ಅದೊಂದೇ ಲೋಕ.

ಇನಾಮಿ ಪೆನ್ಸಿಲ್ ತೆಗೆದುಕೊಂಡ. ನಿಧಾನವಾಗಿ ಏನೋ ಬರೆದ. ನಾಲ್ಕು ಮಡಿಕೆ ಮಡಿಸಿ, ಮೂಲೆ ಒಳಗೆ ಸಿಕ್ಕಿಸಿ ನನ್ನತ್ತ ತಳ್ಳಿದ. ರಟ್ಟಿನ ಹಿಂದೆ ಬಿಡಿಸಿ ಓದಿದೆ.

‘ಬಂದರಿನ ಅಧಿಪತಿಗೆ. ಇನ್ನೊಮ್ಮೆ ಆಸ್ಪತ್ರೆಗೆ ಗೂಢಚರ್ಯೆಗೆ ಬಂದರೆ ಬೇರೆ ಹೆಸರು ಕೊಡು. ಆಮೇಲೆ ಒಂದು ಬೇಡಿಕೆ. ಅಲ್ಲಿ ಎಲ್ಲರೂ ನನಗೆ ಒಳ್ಳೊಳ್ಳೆಯ ಸಂಖ್ಯೆಗಳನ್ನೇ ಹೇಳುತ್ತಾರೆ. ಇಲ್ಲಾದರೂ ಬಿದ್ದದ್ದನ್ನೇ ಹೇಳು.’

ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಡಿಸಿ, ಮೂಲೆ ಒಳಗೆ ಸಿಕ್ಕಿಸಿದೆ.

“ಮಾಸ್ಕ್ ತೆಗ್ಯೋ ಕೋಗಾ” ಎಂದ ಇನಾಮಿ. “ನಿನ್ನ ಶೀತ ಕಣ್ಣಿಂದ ಇಳಿದು ಅದು ಪೂರ್ತಿ ನೆಂದುಹೋಗಿದೆ.”

ತೆಗೆದೆ. ಮೂವರೂ ನನ್ನ ಮುಖ ನೋಡಿದರು. ನೋಡಲಿ ಎಂದು ಬಿಟ್ಟೆ. ರಟ್ಟನ್ನೂ ಎತ್ತಿ ಪಕ್ಕಕ್ಕಿಟ್ಟೆ. ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ದಾಳ ಹಾಕಿದೆ. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಒಂದು.

“ನಾಲ್ಕು” ಎಂದೆ. ಇನ್ನೊಮ್ಮೆ ಉಸಿರೆಳೆದುಕೊಂಡು, ಪಕ್ಕದ ಮನೆಗೂ ಕೇಳುವಂತೆ ಕಿರುಚಿದೆ: “ನಾಲ್ಕು! ಸಿಕ್ಕಿಬಿದ್ದೆ ಕಳ್ಳ! ಹತ್ತೊಂಬತ್ತು ವರ್ಷ ನನ್ನ ಬಂದರಿನಲ್ಲಿ ತಿಂದುಂಡು ತಿರುಗ್ತಿದ್ಯಲ್ಲ, ಕಡೆಗೂ ಸಿಕ್ಕಿಬಿದ್ದೆ!”

ಇನಾಮಿಯ ಮುಖ ಅರಳಿತು. ರಜಾಯಿಯನ್ನು ಎದೆಯವರೆಗೆ ಎಳೆದುಕೊಂಡು, “ಅಬ್ಬಾ, ಈಗ ಆಟ ಅನ್ನಿಸ್ತಿದೆ ನೋಡು” ಎಂದ. “ಏನು ಶಿಕ್ಷೆ?”

“ಬಂದರಿನಲ್ಲಿ ಯಾರನ್ನೂ ಕೊಲ್ಲೋ ಹಾಗಿಲ್ಲ. ಗಡಿಪಾರು. ಒಂದು ದೋಣಿ ಕೊಡ್ತೀನಿ. ಹೋಗೋದಕ್ಕೆ ಮುಂಚೆ ಒಂದು ಲೋಟ ಚಹ.”

ಸಾಮ್ರಾಜ್ಯದ ರಾಯಭಾರಿ ಎದ್ದು ಹೋಗಿ ಚಹ ತಂದಳು. ಒಕ್ಕೂಟದ ರಾಯಭಾರಿ ಲೋಟ ಹಿಡಿಯಲು ಆಸರೆ ಕೊಟ್ಟ. ಹತ್ತೊಂಬತ್ತು ವರ್ಷದ ಯುದ್ಧದಲ್ಲಿ ಅವರಿಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದ್ದು ಅದೇ ಮೊದಲು. ಹಾಗೆ ಮಹಾಸಂಧಾನವೂ ಆಗಿಹೋಯಿತು, ನಾನು ಎರಡು ವರ್ಷ ಮಾಡಿದ ತಯಾರಿಯಲ್ಲಿ ಒಂದು ಸಾಲೂ ಬೇಕಾಗಲಿಲ್ಲ.

ಇನಾಮಿ ಚಹ ಕುಡಿದು ಮುಗಿಸಿದ. “ಎಲ್ಲಿಗೆ ಹೋಗ್ತೀಯ ಅಂತ ಕೇಳಲ್ವಾ?” ಎಂದ.

“ನಮ್ಮ ಬಂದರಿನಲ್ಲಿ ಅದನ್ನ ಕೇಳೋ ಹಾಗಿಲ್ಲ” ಎಂದೆ.

“ಒಳ್ಳೆ ಕಾನೂನು” ಎಂದ. “ಯಾರು ಬರೆಸಿದ್ರೋ.”

ಇನಾಮಿ ಫೆಬ್ರವರಿಯಲ್ಲಿ ಹೋದ. ಇಕನಾಗೊ ಮೀನು ಮಾರುಕಟ್ಟೆಗೆ ಬರಲು ಇನ್ನೂ ಒಂಬತ್ತು ದಿನವಿತ್ತು.

ಅವನ ಅಂತ್ಯಕ್ರಿಯೆಗೆ ಬಂದರಿನ ಹಳೆಯ ನಾವಿಕರು ನಲವತ್ತು ಐವತ್ತು ಮಂದಿ ಬಂದಿದ್ದರು. ಹೊರಡುವ ಮುಂಚೆ ನಾನು ಮತ್ತೆ ಶಪಥ ಮಾಡಿದೆ. ಬುದ್ಧಿ ಎಲ್ಲಿಂದ ಬರಬೇಕು! ಇವತ್ತೊಂದು ದಿನ, ಅವನ ಮರ್ಯಾದೆಗಾದರೂ, ಕಲ್ಲಾಗಿ ನಿಲ್ಲುತ್ತೇನೆ ಎಂದುಕೊಂಡೆ. ಕಪ್ಪು ಕೋಟು ಹಾಕಿ, ಗದ್ದ ಬಿಗಿಹಿಡಿದು, ಗುಂಪಿನ ಹಿಂದಿನ ಸಾಲಿನಲ್ಲಿ ನಿಂತೆ. ಹುಬ್ಬು ಅಲುಗಲಿಲ್ಲ. ಮೂಗು ಮುಟ್ಟಲಿಲ್ಲ. ಈ ಸಲ ಗೆದ್ದೆ ಎಂದೇ ನನ್ನ ಲೆಕ್ಕ.

ಇನಾಮಿಯ ಅಕ್ಕ ತೊತ್ತೊರಿಯಿಂದ ಬಂದಿದ್ದರು. ಎಂಬತ್ತರ ಹತ್ತಿರದ ಹೆಂಗಸು. ನಾನು ಅವರನ್ನು ನೋಡಿದವನಲ್ಲ, ಅವರು ನನ್ನನ್ನು ನೋಡಿದವರಲ್ಲ. ಅಷ್ಟು ಜನರ ನಡುವೆ ಕೋಲೂರಿಕೊಂಡು, ಅತ್ತ ಇತ್ತ ನೋಡದೆ, ನೆಟ್ಟಗೆ ನನ್ನ ಮುಂದೆ ಬಂದು ನಿಂತರು.

“ನೀವು ಕೋಗಾ ಅಲ್ವಾ?”

“ಹೌದಮ್ಮ. ನಿಮಗೆ ಹೇಗೆ ಗೊತ್ತಾಯ್ತು?”

“ತಮ್ಮ ಹೇಳಿದ್ದ” ಎಂದರು ಅವರು, ನನ್ನ ಕೈ ಹಿಡಿದುಕೊಂಡು. “‘ಅಕ್ಕಾ, ಏನೂ ಆಗಿಲ್ಲ ಅನ್ನೋ ಹಾಗೆ ನಿಲ್ಲೋಕೆ ಹೋಗಿ, ಅದು ಕೈಲಾಗ್ದೆ ಒಬ್ಬ ನಿಂತಿರ್ತಾನೆ. ಅವನೇ ಕೋಗಾ’ ಅಂತ.”